ಕಾಲರಿನ ಒಳಗಿದ್ದ ಹೆಸರು

"ಕೈ ಒಳಗ ಹಾಕ್ರಿ."

ಅವನು ಹೇಳಿದ್ದು ಅಷ್ಟೇ. ನಗಲಿಲ್ಲ, ಕೂತುಕೊಳ್ಳಿ ಎನ್ನಲಿಲ್ಲ. ಕೌಂಟರಿನ ಮೇಲೆ ಒಂದು ಥರ್ಮೊಕೋಲ್ ಡಬ್ಬಿ ತಂದಿಟ್ಟು ಮುಚ್ಚಳ ತೆಗೆದ. ಡಬ್ಬಿಯ ತುಂಬ ಪುಡಿ ಐಸು, ನೀರು. ಅದು ಮೀನು ಮಾರ್ಕೆಟ್ಟಿನಿಂದ ಬಂದ ಐಸು ಎಂಬುದನ್ನು ಯಕ್ಷಿತಾಳ ಮೂಗು ಕೂಡಲೇ ಪತ್ತೆ ಮಾಡಿತು. ಎಷ್ಟಾದರೂ ಮೂಲದಲ್ಲಿ ಉಡುಪಿ ಕಡೆಯವಳು.

ಮುಂಬಯಿಯ ಮಲಾಡ್ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿಯಲ್ಲಿದ್ದ ಆ ಸೈಕಲ್ ಅಂಗಡಿಗೆ ಅವಳು ಬಂದದ್ದು ಚಳಿಯಲ್ಲಿ ಸೈಕಲ್ ಹೊಡೆಯುವಾಗ ಹಾಕಿಕೊಳ್ಳುವ ಬಟ್ಟೆಗಾಗಿ. ಒಳಗೆ ಕಾಲಿಡುವಾಗ ಊರಿನ ಅಜ್ಜಿಯ ಜೊತೆ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದಳು. ಅದನ್ನು ಕೇಳಿಸಿಕೊಂಡೇ ಇವನು ಹಿಂದಿ ಬಿಟ್ಟು ಕನ್ನಡಕ್ಕೆ ಇಳಿದದ್ದು. ಬೇರೆ ದಿನವಾಗಿದ್ದರೆ ಅವಳಿಗೆ ಖುಷಿಯಾಗುತ್ತಿತ್ತೇನೋ.

"ನಾನು ಗ್ಲೌಸ್ ಕೇಳಿದ್ದು. ಮೀನಲ್ಲ."

"ಕಸಾರಾ ಘಟ್ಟ ಅಂದ್ರಲ್ಲ, ಅದಕ್ಕ. ಎರಡ ನಿಮಿಷ. ಹಾಕ್ರಿ."

ಪಕ್ಕದಲ್ಲಿ ಹೆಲ್ಮೆಟ್ ನೋಡುತ್ತಿದ್ದ ಇಬ್ಬರು ಹುಡುಗರು ಕಿಸಕ್ಕನೆ ನಕ್ಕರು. ಆ ನಗು ಕೇಳಿಯೇ ಯಕ್ಷಿತಾ ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಐಸಿನಲ್ಲಿ ಮುಳುಗಿಸಿದಳು.

ಮೊದಲು ತಂಪು. ಆಮೇಲೆ ನೋವು, ಮೂಳೆಯೊಳಗಿನಿಂದ ಏಳುವ ನೋವು. ಆಮೇಲೆ ನೋವೂ ಹೋಯಿತು. ಅವಳಿಗೆ ಹೆದರಿಕೆಯಾದದ್ದು ನೋವು ಹೋದ ಮೇಲೆ.

ಅವನು ಗಡಿಯಾರ ನೋಡುತ್ತಿರಲಿಲ್ಲ. ಅವಳ ಬೆರಳುಗಳನ್ನೇ ನೋಡುತ್ತಿದ್ದ, ಬಾವಿಗೆ ಏನನ್ನೋ ಬೀಳಿಸಿಕೊಂಡವನಂತೆ.

"ಈಗ ಬ್ರೇಕ್ ಹಿಡೀರಿ." ಗೋಡೆಗೆ ಬಿಗಿದಿದ್ದ ಒಂದು ಹ್ಯಾಂಡಲ್ ತೋರಿಸಿದ.

ಅವಳು ಹಿಡಿಯಲು ಹೋದಳು. ಬೆರಳುಗಳು ಬೇರೆ ಯಾರವೋ ಆಗಿದ್ದವು. ಬ್ರೇಕು ಅರ್ಧ ಬಂದು ಜಾರಿತು. ಇನ್ನೊಮ್ಮೆ ಹಿಡಿದಳು. ಇನ್ನೊಮ್ಮೆ ಜಾರಿತು.

"ನೀವೀಗ ಇಳಿಜಾರಿನ್ಯಾಗ ಇದ್ದಿದ್ರ," ಅವನು ಮೆಲ್ಲಗೆ ಹೇಳಿದ, "ಮೂರನೇ ತಿರುವು ದಾಟತಿರಲಿಲ್ರಿ."

ಹೇಳಿದವನೇ ಒಣ ಟವೆಲ್ ತೆಗೆದು ಅವಳ ಕೈಗಳನ್ನು ಸುತ್ತಿ, ಆ ಗಂಟನ್ನು ತನ್ನ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡ. ಬಿಸಿ ಮರಳುವವರೆಗೂ ಬಿಡಲಿಲ್ಲ. ಯಕ್ಷಿತಾಳಿಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಒಂದು ವಿಷಯ ಅವಳ ಗಮನಕ್ಕೆ ಬಂತು. ಐಸಿನಲ್ಲಿದ್ದದ್ದು ಅವಳ ಕೈ, ನಡುಗುತ್ತಿದ್ದದ್ದು ಅವನ ಕೈ.

*ಯಾರಪ್ಪಾ ಈ ಮನುಷ್ಯ... ಯಾಕೆ ಹೀಗೆ?*

ಅವನ ಹೆಸರು ದೇವಾನಂದ. ವಿಜಾಪುರ ಜಿಲ್ಲೆಯವನು. ತಂದೆ ಸಂಗಪ್ಪ ಬಿಲ್ಡಿಂಗ್ ಕೆಲಸಕ್ಕೆಂದು ಮುಂಬಯಿಗೆ ಬಂದಾಗ ಹಿಂದೆ ಬಂದ ಮಗ, ಈಗ ಆ ಅಂಗಡಿಯಲ್ಲಿ ಬಟ್ಟೆಯ ವಿಭಾಗ ನೋಡಿಕೊಳ್ಳುತ್ತಿದ್ದ.

ಯಕ್ಷಿತಾ ಚೆಂಬೂರಿನವಳು. ಅಪ್ಪ ಸದಾನಂದ ಶೆಟ್ಟರದು ಸ್ಟೇಷನ್ ಹತ್ತಿರ ಒಂದು ಊಟದ ಹೋಟೆಲ್. ಅವಳ ಆಫೀಸು ಅಂಧೇರಿಯಲ್ಲಿ. ಇಪ್ಪತ್ತೇಳು ವರ್ಷದಲ್ಲಿ ಅವಳು ಶುರು ಮಾಡಿದ ಕೆಲಸಗಳು ಹಲವು. ಭರತನಾಟ್ಯ, ಜರ್ಮನ್ ಭಾಷೆ, ಕೇಕ್ ಮಾಡುವುದು, ಕೊನೆಗೆ ಒಂದು ನಿಶ್ಚಿತಾರ್ಥ. ಮುಗಿಸಿದ್ದು ಒಂದೂ ಇಲ್ಲ. ಹುಡುಗನ ಕಡೆಯವರು ಸಂಬಂಧ ಮುರಿಯುವಾಗ "ನಿಮ್ಮ ಹುಡುಗಿ ಯಾವುದನ್ನೂ ಕೊನೆಯವರೆಗೆ ಮಾಡುವವಳಲ್ಲವಂತೆ" ಎಂದಿದ್ದರು. ಆ ಮಾತು ಅವರ ಕಿವಿಗೆ ಹೋದದ್ದು ತನ್ನ ಮನೆಯವರ ತಮಾಷೆಯಿಂದಲೇ ಎಂಬುದು ಅವಳಿಗೆ ಹೆಚ್ಚು ಚುಚ್ಚಿತ್ತು.

ಸೆಪ್ಟೆಂಬರಿನಲ್ಲಿ ಅವಳು ಒಂದು ಹಳೆಯ ರೋಡ್ ಸೈಕಲ್ ತೆಗೆದುಕೊಂಡಳು. ಸಪೂರ ಚಕ್ರದ, ಮುಂದಕ್ಕೆ ಬಾಗಿ ಓಡಿಸುವ ಸೈಕಲ್. ಆಫೀಸಿನ ಶುಭಾಂಗಿ ನಡೆಸುವ ಭಾನುವಾರದ ಗುಂಪಿಗೆ ಸೇರಿದಳು. ಜನವರಿಯ ಎರಡನೇ ಭಾನುವಾರ ಬೆಳಗಿನ ಜಾವ ಗುಂಪು ಮುಂಬಯಿಯಾಚೆಯ ಕಸಾರಾ ಘಟ್ಟ ಹತ್ತಿ ಇಳಿಯುವುದಿತ್ತು. ಹತ್ತುವುದಷ್ಟೇ ಅಲ್ಲ, ಇಳಿದು ಕೆಳಗೆ ಬಂದು ನಿಲ್ಲಬೇಕು. ಇದೊಂದನ್ನು ತಾನು ಮುಗಿಸಲೇಬೇಕು ಎಂದು ಅವಳು ಯಾರಿಗೂ ಹೇಳದೆ ಹಟ ಹಿಡಿದಿದ್ದಳು.

"ನನ್ನ ಹತ್ರ ಎಲ್ಲ ಉಂಟು," ಎಂದಳು, ಕೈಗೆ ಜೀವ ಬಂದ ಮೇಲೆ. "ಒಳಗೆ ಬನಿಯನ್, ಮೇಲೆ ಸ್ವೆಟರ್, ಅದರ ಮೇಲೆ ರೇನ್‌ಕೋಟ್. ಗ್ಲೌಸ್ ಮಾತ್ರ ಬೇಕು."

ರೇನ್‌ಕೋಟ್ ಎಂಬ ಮಾತು ಕೇಳಿದ್ದೇ ತಡ, ದೇವಾನಂದನ ಮುಖದ ಬಣ್ಣ ಇಳಿದುಹೋಯಿತು. "ಅದನ್ನ ಮಾತ್ರ ಹಾಕ್ಬ್ಯಾಡ್ರಿ," ಎಂದ. "ಏನರ ಆಗ್ಲಿ, ಅದನ್ನ ಹಾಕ್ಬ್ಯಾಡ್ರಿ."

ಮುಂಬಯಿಯವರ ತಪ್ಪೇ ಇದು. ಇವರಿಗೆ ಮಳೆ ಗೊತ್ತು. ನಾಲ್ಕು ತಿಂಗಳು ಮಳೆಯಲ್ಲೇ ಲೋಕಲ್ ರೈಲು ಹಿಡಿದು, ಮಳೆಯಲ್ಲೇ ಮದುವೆ ಮಾಡಿ ಬದುಕುವ ಜನ. ಚಳಿ ಮಾತ್ರ ಗೊತ್ತಿಲ್ಲ. ಡಿಸೆಂಬರಿನಲ್ಲಿ ಫ್ಯಾನು ಒಂದು ನಂಬರ್ ಕಮ್ಮಿ ಮಾಡಿದರೆ ಅದೇ ಇವರ ಚಳಿಗಾಲ. ಹಾಗಾಗಿ ಚಳಿಯಿರುವ ಕಡೆ ಹೊರಟಾಗಲೂ ಇವರ ಕೈ ಹೋಗುವುದು ಮಳೆಯ ಬಟ್ಟೆಗೇ. ಹೊರಗಿನ ನೀರು ಒಳಗೆ ಬರದಿದ್ದರೆ ಸಾಕು ಎಂದುಕೊಳ್ಳುತ್ತಾರೆ. ಒಳಗಿನ ನೀರು ಹೊರಗೆ ಹೋಗಬೇಕಲ್ಲ ಎಂಬ ಯೋಚನೆಯೇ ಬರುವುದಿಲ್ಲ.

---

ಆಮೇಲೆ ನಾಲ್ಕು ಶನಿವಾರ ಅವಳು ಮಲಾಡ್‌ಗೆ ಹೋದಳು. ಮೊದಲನೇ ಶನಿವಾರ ಜಗಳ ಮಾಡಲಿಕ್ಕೆಂದೇ ಹೋದದ್ದು. ಎರಡನೇ ಶನಿವಾರಕ್ಕೆ ಆ ನೆಪ ಉಳಿದಿರಲಿಲ್ಲ.

"ಒಂದ ದಿನ ಎಲ್ಲಾ ಕೊಳ್ಳಾಕ ಹೋಗ್ಬ್ಯಾಡ್ರಿ," ಎಂದಿದ್ದ ಅವನು. "ಒಂದ ವಾರಕ್ಕ ಒಂದ ಬಟ್ಟಿ. ಹಾಕ್ಕೊಂಡು ಸೈಕಲ್ ಹೊಡ್ದು, ಬಂದು ಹೇಳ್ರಿ."

ಮೊದಲು ಮೈಗೆ ಅಂಟಿಕೊಳ್ಳುವ ಒಳ ಅಂಗಿ. "ಹತ್ತಿ ಬಟ್ಟಿ ಬೆವರು ಕುಡೀತೈತಿ, ಆದ್ರ ಬಿಡೂದಿಲ್ಲ. ಇದು ಬೆವರನ್ನ ಮ್ಯಾಲಕ್ಕ ಕಳಸ್ತೈತಿ. ಮೈ ಒಣಗಿದ್ರ ಅರ್ಧ ಚಳಿ ಹೋತು." ಮುಂದಿನ ವಾರ ಅದರ ಮೇಲೆ ಹಾಕುವ, ಒಳಗೆ ಮೆತ್ತನೆ ರೋಮವಿರುವ ಉದ್ದ ತೋಳಿನ ಅಂಗಿ. ಅದರ ಮುಂದಿನ ವಾರ ಗ್ಲೌಸು. ದಪ್ಪನೆಯದನ್ನು ಅವಳು ಎತ್ತಿಕೊಂಡರೆ ಅವನು ಕಿತ್ತುಕೊಂಡು ತೆಳುವಾದದ್ದನ್ನು ಕೊಟ್ಟ. "ಬೆಚ್ಚಗಿದ್ದು ಬ್ರೇಕ್ ಹಿಡ್ಯಾಕ ಬರ್ಲಿಲ್ಲಂದ್ರ ಏನ್ ಉಪಯೋಗರಿ?"

"ಹೊರಡುವಾಗ ಚಳಿ ಆಗ್ತದಲ್ಲ ಇಷ್ಟು ಕಮ್ಮಿ ಹಾಕಿದ್ರೆ?"

"ಆಗಬೇಕ್ರಿ. ಹೊರಡುವಾಗ ಬೆಚ್ಚಗಿದ್ರ ಹತ್ತುವಾಗ ತೊಯ್ತೀರಿ. ತೊಯ್ದವರಿಗೆ ಇಳಿಯೂದು..."

ಅವನು ಮಾತು ಮುಗಿಸಲಿಲ್ಲ. ಘಟ್ಟ ಇಳಿಯುವ ಮಾತು ಬಂದಾಗಲೆಲ್ಲ ಅವನು ಹೀಗೇ ಅರ್ಧಕ್ಕೆ ನಿಲ್ಲುತ್ತಿದ್ದ.

"ನೀವು ಸೈಕಲ್ ಹೊಡೆಯೋದಿಲ್ವಾ?" ಎಂದು ಒಮ್ಮೆ ಕೇಳಿದಳು.

"ಬಿಟ್ಟೀನ್ರಿ."

"ಯಾಕೆ?"

"ಚಹಾ ಕುಡೀತೀರಿ?"

ಹೀಗೆ ಮಾತು ತಪ್ಪಿಸುವವರನ್ನು ನಂಬಬಾರದು ಎಂದು ಅವಳಿಗೂ ಗೊತ್ತಿತ್ತು. ಆದರೂ ಸೋಮವಾರದಿಂದಲೇ ಶನಿವಾರ ಎಷ್ಟು ದೂರ ಎಂದು ನೋಡುತ್ತಿದ್ದಳು. ಅಂಧೇರಿಯಲ್ಲಿ ಲೋಕಲ್ ಹತ್ತುವಾಗ ಕೈಚೀಲದಲ್ಲಿ ಅಪ್ಪನ ಹೋಟೆಲಿನ ಬನ್ಸ್ ಇರುತ್ತಿತ್ತು. ಅವನು ಅದನ್ನು ಮುರಿದು, ದೊಡ್ಡ ತುಂಡನ್ನು ಅವಳ ಕಡೆ ಸರಿಸಿ, ಸಣ್ಣದನ್ನು ತಾನು ತಿನ್ನುತ್ತಿದ್ದ. ಪ್ರೀತಿ ಹೀಗೆ ಸದ್ದಿಲ್ಲದೆ ಬಂದು ಕೂತುಬಿಟ್ಟರೆ ಎಬ್ಬಿಸುವುದು ಕಷ್ಟ, ಅದು ಓದುತ್ತಿರುವ ನಿಮಗೂ ಗೊತ್ತು.

ನಾಲ್ಕನೇ ಶನಿವಾರ ಅವನು ಒಳಗಿನ ಕೋಣೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಒಂದು ಜಾಕೆಟ್ ಇತ್ತು. ಕಡು ಕೆಂಪು ಬಣ್ಣ. ಗಾಳಿ ತಡೆಯುವ ತೆಳು ಬಟ್ಟೆ, ಕಂಕುಳ ಕೆಳಗೆ ಬೆವರು ಹೋಗಲು ಜಾಲರಿ.

"ಹತ್ತುವಾಗ ಇದನ್ನ ಮಡಚಿ ಬೆನ್ನಿನ ಕಿಸೆದಾಗ ಇಟ್ಕೋರಿ. ಮ್ಯಾಲ ಹೋಗಿ ನಿಂತ ಕೂಡಲೆ, ಚಹಾಕ್ಕೂ ಮೊದಲು, ಹಾಕ್ಕೋರಿ. ಇದಕ್ಕ ರೊಕ್ಕ ಬ್ಯಾಡ."

"ಯಾಕೆ ಬೇಡ?"

"ಮಾರೂದಲ್ರಿ ಇದು."

ಕೊಡುವಾಗ ಅವನು ಜಾಕೆಟ್ಟನ್ನು ನೋಡಲೇ ಇಲ್ಲ. ಅವಳನ್ನು ನೋಡಿದ, ಒಂದೇ ಸಲ. ಆ ನೋಟದಲ್ಲಿ ಪ್ರೀತಿ ಇತ್ತು, ಅದು ಅವಳಿಗೆ ತಿಳಿಯಿತು. ಪ್ರೀತಿಯ ಹಿಂದೆ ಇನ್ನೊಂದು ಏನೋ ಇತ್ತು, ಅದು ತಿಳಿಯಲಿಲ್ಲ.

---

ಗುರುವಾರ ಆಫೀಸಿನ ಕ್ಯಾಂಟೀನಿನಲ್ಲಿ ಅವಳು ಆ ಅಂಗಡಿಯ ಹೆಸರು ಹೇಳಿದಾಗ ಶುಭಾಂಗಿಯ ಕೈಯಲ್ಲಿದ್ದ ಚಮಚ ನಿಂತಿತು.

"ದೇವಾನಂದ್? ಅವನ ಹತ್ತಿರ ತೆಗೆದುಕೊಂಡೆಯಾ?" ಶುಭಾಂಗಿ ಹಿಂದಿಯಲ್ಲಿ ಕೇಳಿದಳು. "ನಮ್ಮ ಗುಂಪಿನವರು ಯಾರೂ ಅಲ್ಲಿಗೆ ಹೋಗುವುದಿಲ್ಲ."

"ಯಾಕೆ?"

"ಮೂರು ವರ್ಷದ ಹಿಂದೆ ನಮ್ಮ ಜೊತೆ ಹಿತೇಶ್ ಅಂತ ಇದ್ದ. ನಿನ್ನ ಹಾಗೇ ಹೊಸಬ. ಘಟ್ಟಕ್ಕೆ ಏನು ಹಾಕಬೇಕು ಎಂದು ಈ ದೇವಾನಂದನನ್ನೇ ಕೇಳಿದ. ರೇನ್‌ಕೋಟ್ ಸಾಕು ಎಂದು ಇವನೇ ಕೊಟ್ಟು ಕಳಿಸಿದ. ಇಳಿಯುವಾಗ ಅವನ ಕೈ ಮರಗಟ್ಟಿ ಬ್ರೇಕ್ ಹಿಡಿಯಲಾಗಲಿಲ್ಲ. ಮೂರನೇ ತಿರುವು." ಶುಭಾಂಗಿ ತಟ್ಟೆ ಸರಿಸಿದಳು. "ಕೆಳಗಿನಿಂದ ಮೇಲೆ ತರುವ ಹೊತ್ತಿಗೆ ಹನ್ನೊಂದು ಗಂಟೆಯಾಗಿತ್ತು."

ಮೂರನೇ ತಿರುವು. ಅದೇ ಮಾತನ್ನು ಅವನು ಮೊದಲ ದಿನವೇ ಹೇಳಿದ್ದ.

ಸಂಜೆ ಮನೆಗೆ ಬಂದು ಜಾಕೆಟ್ ತೆಗೆದು ಹಾಸಿಗೆಯ ಮೇಲೆ ಹರಡಿದಳು. ಸುಮ್ಮನೆ ನೋಡಿದಳು. ತನ್ನ ಅಳತೆಗಿಂತ ಸ್ವಲ್ಪ ದೊಡ್ಡದು ಎಂದು ಈಗಷ್ಟೇ ಅನಿಸಿತು. ಭುಜ ಗಂಡಸಿನದು. ಕಾಲರನ್ನು ಹಿಂದಕ್ಕೆ ಮಡಚಿದಳು.

ಒಳಗೆ ಬಿಳಿ ದಾರದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರು ಹೊಲಿದಿತ್ತು.

ಹಿತೇಶ್.

ಅವಳ ಕೈಯಿಂದ ಬಟ್ಟೆ ಜಾರಿತು. ಸತ್ತವರ ಬಟ್ಟೆ ಮನೆಯೊಳಗೆ ಉಳಿಯಬಾರದು ಎಂಬುದು ಅಜ್ಜಿಯ ಕಟ್ಟಳೆ. ಅಜ್ಜ ತೀರಿಕೊಂಡಾಗ ಹಗ್ಗದ ಮೇಲೆ ಒಣಗಲು ಹಾಕಿದ್ದ ಅವರ ಪಂಚೆಯನ್ನೂ ಬಿಡದೆ ಎತ್ತಿ ಹೊರಗೆ ಕಳಿಸಿದ್ದರು. ಇಲ್ಲಿ ಐದು ದಿನದಿಂದ ತಾನು ಆ ಜಾಕೆಟ್ಟನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದಳು...

*ಸತ್ತವನ ಬಟ್ಟೆ ಹಾಕಿಸಿ ನನ್ನನ್ನು ಅದೇ ಘಟ್ಟಕ್ಕೆ ಕಳಿಸುತ್ತಿದ್ದಾನಾ?*

---

ಶುಕ್ರವಾರ ಸಂಜೆ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅವಳು ಎಲ್ಲ ಬಟ್ಟೆಯನ್ನೂ ತಂದಿದ್ದಳು. ಕೌಂಟರಿನ ಮೇಲೆ ಜಾಕೆಟ್ ಇಟ್ಟು ಕಾಲರ್ ತಿರುಗಿಸಿದಳು.

"ಇದು ಯಾರದು?"

ದೇವಾನಂದ ಹೆಸರನ್ನು ನೋಡಿದ. "ಹಿತೇಶ್ ಅವರದ್ರಿ."

"ಅವರಿಗೆ ರೇನ್‌ಕೋಟ್ ಸಾಕು ಅಂತ ಹೇಳಿದ್ದು ನೀವಾ?"

"ಹೌದ್ರಿ."

"ಅಷ್ಟೇನಾ? ಹೌದು ಅಂದ್ರೆ ಮುಗೀತಾ?" ಅವಳ ದನಿ ಒಡೆಯಿತು. "ಶನಿವಾರ ಶನಿವಾರ ಬಂದು ನಿಮ್ಮ ಮುಂದೆ ಕೂತಿದ್ದೆನಲ್ಲ ನಾನು. ಒಂದು ದಿನವಾದ್ರೂ ಹೇಳ್ಬೇಕು ಅಂತ ಅನಿಸ್ಲಿಲ್ವಾ? ನಿಮ್ಮ ಪಾಪ ಕಳೀಲಿಕ್ಕೆ ನಾನು ಬೇಕಿತ್ತಾ?"

ಅವನು ಬಾಯಿ ತೆರೆದ. ಅವಳು ಕಾದಳು. ಹೌದು, ಆ ಸಿಟ್ಟಿನಲ್ಲೂ ಅವಳು ಕಾದಳು, ಏನಾದರೂ ಹೇಳಲಿ ಎಂದು. ಅವನು ಬಾಯಿ ಮುಚ್ಚಿದ.

"ನಿಮ್ಮ ಯಾವ ಬಟ್ಟೆಯೂ ನನಗೆ ಬೇಡ." ಚೀಲವನ್ನು ಕೌಂಟರಿನ ಮೇಲೆ ಬೋರಲು ಹಾಕಿ ತಿರುಗಿದಳು.

"ಜಾಕೆಟ್ ಬಿಡ್ರಿ. ಒಳಗಿನ ಅಂಗಿ ಆದ್ರೂ ಒಯ್ರಿ. ನನ್ನ ಮ್ಯಾಲ ಸಿಟ್ಟಿದ್ರ ಇರ್ಲಿ. ರೇನ್‌ಕೋಟ್ ಮಾತ್ರ..."

ಆ ಮಾತು ಅವಳಿಗೆ ಶಾಪದಂತೆ ಕೇಳಿಸಿತು. ಬಾಗಿಲು ದೂಡಿ ಹೊರಗೆ ನಡೆದಳು. ಲೋಕಲ್ಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ದಾದರ್‌ವರೆಗೂ ಅತ್ತಳು.

ಬೇರೆ ಬಟ್ಟೆ ಕೊಳ್ಳಲು ಶನಿವಾರ ಇಡೀ ದಿನ ಇತ್ತು. ಕೊಳ್ಳಲಿಲ್ಲ. ಸಿಟ್ಟು ಅಂಥದ್ದು. ಅವನು ಬೇಡ ಎಂದದ್ದನ್ನೇ ಮಾಡಿ, ಬದುಕಿ ಬಂದು, ಅವನ ಮುಂದೆ ನಿಲ್ಲಬೇಕು ಎಂಬ ಹುಚ್ಚು ಹಟ. ಬನಿಯನ್, ಸ್ವೆಟರ್, ಅದರ ಮೇಲೆ ನೀಲಿ ರೇನ್‌ಕೋಟ್. ಚೆಂಬೂರು ಮಾರ್ಕೆಟ್ಟಿನ ಉಣ್ಣೆಯ ಗ್ಲೌಸು.

---

ಭಾನುವಾರ ಗುಂಪಿನ ಟೆಂಪೊ ಸೈಕಲ್ಲುಗಳನ್ನು ಕಸಾರಾದಲ್ಲಿ ಇಳಿಸುವಾಗ ಇನ್ನೂ ಬೆಳಕು ಹರಿದಿರಲಿಲ್ಲ. ಬಾಯಿ ತೆರೆದರೆ ಹೊಗೆ. ಎಲ್ಲರೂ ನಡುಗುತ್ತಿದ್ದರು, ಯಕ್ಷಿತಾ ಒಬ್ಬಳು ಬೆಚ್ಚಗಿದ್ದಳು.

*ನೋಡಿದೆಯಾ ದೇವಾನಂದ, ನನಗೇನೂ ಆಗಿಲ್ಲ.*

ಹತ್ತಲು ಶುರು ಮಾಡಿದ ಹತ್ತು ನಿಮಿಷಕ್ಕೆ ಬೆವರು ಬಂತು. ಇಪ್ಪತ್ತು ನಿಮಿಷಕ್ಕೆ ಬೆನ್ನ ಮೇಲೆ ಹರಿಯತೊಡಗಿತು. ರೇನ್‌ಕೋಟಿನೊಳಗೆ ಅದು ಎಲ್ಲಿಗೆ ಹೋಗಬೇಕು? ಬನಿಯನ್ ತೊಯ್ದಿತು, ಸ್ವೆಟರ್ ತೊಯ್ದು ಭಾರವಾಯಿತು, ತೋಳಿನಿಂದ ಇಳಿದ ಬೆವರು ಗ್ಲೌಸಿಗೂ ಸೇರಿತು. ಬಿಚ್ಚಿ ಹಾಕಬಹುದಿತ್ತು. ಬಿಚ್ಚಿದರೆ ಅವನ ಮಾತು ಕೇಳಿದಂತೆ ಆಗುತ್ತದಲ್ಲ. ಹಲ್ಲು ಕಚ್ಚಿ ತುಳಿದಳು.

ತುದಿ ಮುಟ್ಟಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಶುಭಾಂಗಿ ಅಪ್ಪಿಕೊಂಡಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ರಸ್ತೆ ಹತ್ತು ಮಾರು ಆಚೆಗೆ ಇರಲಿಲ್ಲ.

ನಿಂತು ಐದು ನಿಮಿಷವಾಗಿರಬಹುದು. ಗಾಳಿ ಬೀಸಿತು. ಒದ್ದೆ ಬನಿಯನ್ ಬೆನ್ನಿಗೆ ಅಂಟಿ ತಣ್ಣಗಾಯಿತು. ಆ ತಂಪು ಚರ್ಮ ದಾಟಿ, ಪಕ್ಕೆಲುಬು ದಾಟಿ ಒಳಗೆ ಇಳಿಯಿತು. ಅವಳ ಹಲ್ಲುಗಳು ಕಟಕಟ ಹೊಡೆದುಕೊಳ್ಳತೊಡಗಿದವು.

"ಸರಿ ಇದ್ದೀಯಾ?" ಶುಭಾಂಗಿ ಕೇಳಿದಳು.

ಇಲ್ಲ ಎಂದರೆ ಟೆಂಪೊದಲ್ಲಿ ಕೂರಿಸುತ್ತಾರೆ. ಇದೂ ಅರ್ಧಕ್ಕೆ ಬಿಟ್ಟದ್ದರ ಪಟ್ಟಿಗೆ ಸೇರುತ್ತದೆ.

"ಸರಿ ಇದ್ದೇನೆ," ಎಂದಳು ಯಕ್ಷಿತಾ.

ಒಬ್ಬೊಬ್ಬರಾಗಿ ಮಂಜಿನೊಳಗೆ ಇಳಿದು ಮಾಯವಾದರು. ಅವಳು ಕೊನೆಯವಳು.

ಮೊದಲ ತಿರುವಿನಲ್ಲಿ ಬ್ರೇಕು ಹಿಡಿಯಿತು. ಆದರೆ ತಾನು ಹಿಡಿದದ್ದು ತನಗೆ ಗೊತ್ತಾಗಲಿಲ್ಲ, ಕಣ್ಣಿನಿಂದ ನೋಡಿ ತಿಳಿಯಬೇಕಾಯಿತು. ಎರಡನೇ ತಿರುವಿನಲ್ಲಿ ಬೆರಳುಗಳು ಅರ್ಧ ಮಡಚಿದವು. ಕಣ್ಣಲ್ಲಿ ನೀರು, ಎದುರಿಗೆ ಬಿಳಿ ಗೋಡೆಯಂಥ ಮಂಜು, ಹಿಂದೆ ಎಲ್ಲೋ ಲಾರಿಯ ಹಾರ್ನು.

ನೋವಿರಲಿಲ್ಲ. ಐಸಿನ ಡಬ್ಬಿಯಲ್ಲಿ ನೋವು ಹೋದಾಗ ಆದ ಹೆದರಿಕೆಯೇ ಈಗ ಹತ್ತುಪಟ್ಟಾಗಿ ಎದ್ದು ಬಂತು. *ಹಿಡಿ... ಹಿಡಿ...* ಬೆರಳು ಕೇಳಲಿಲ್ಲ. ಬ್ರೇಕು ಅರ್ಧ ಬಂದು ಜಾರಿತು. ಸೈಕಲ್ಲು ವೇಗ ಹೆಚ್ಚಿಸಿಕೊಂಡಿತು.

ಲಾರಿಯ ಹಾರ್ನು ಹತ್ತಿರವಾಯಿತು. ಮುಂದೆ ರಸ್ತೆ ಎಡಕ್ಕೆ ಮುರಿದುಕೊಂಡು ಇಲ್ಲವಾಗುತ್ತಿತ್ತು.

ಆ ಮುರಿವಿನಲ್ಲಿ ಒಬ್ಬ ಮನುಷ್ಯ ನಿಂತಿದ್ದ.

ಮಂಜಿನ ನಡುವೆ ಕೆಂಪು ಜಾಕೆಟ್ಟೊಂದು ಕಾಣಿಸಿತು. ಹಿತೇಶ್ ಬಂದಿದ್ದಾನೆ, ಕರೆದುಕೊಂಡು ಹೋಗಲು ಬಂದಿದ್ದಾನೆ ಎಂದೇ ಅವಳು ನಂಬಿದಳು.

"ಎಡಕ್ಕ! ಗುಡ್ಡದ ಕಡೆ, ಮಣ್ಣಿನ ಮ್ಯಾಲ ಬೀಳ್ರಿ!"

ಸತ್ತವರು ವಿಜಾಪುರದ ಕನ್ನಡ ಮಾತಾಡುವುದಿಲ್ಲ. ಅವಳು ಮೈಯನ್ನೇ ಎಡಕ್ಕೆ ಎಸೆದಳು. ಗುಡ್ಡದ ಬದಿ ಕುಸಿದು ಬಿದ್ದಿದ್ದ ಮಣ್ಣಿನ ರಾಶಿಗೆ ಚಕ್ರ ಹೂತಿತು. ಸೈಕಲ್ಲು ಒಂದು ಕಡೆ, ಅವಳು ಒಂದು ಕಡೆ. ಲಾರಿ ಅವಳು ಅರೆ ಗಳಿಗೆಯ ಹಿಂದೆ ಇದ್ದ ಜಾಗದ ಮೇಲೆ ಗಡಗಡನೆ ಹಾದು ಇಳಿದು ಹೋಯಿತು.

---

ತಿರುವಿನಿಂದ ಐವತ್ತು ಹೆಜ್ಜೆ ಮೇಲೆ ಗಂಗುಬಾಯಿ ಎಂಬ ಮುದುಕಿಯ ಚಹಾದ ಟಪರಿ, ಒಂದು ಗೂಡಂಗಡಿ. ದೇವಾನಂದ ಅವಳನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ತಂದ. ಕೈಯಲ್ಲಿ ಹಿಡಿದಿದ್ದ ಕೆಂಪು ಜಾಕೆಟ್ಟನ್ನೂ ಒಂದು ಪ್ಲಾಸ್ಟಿಕ್ ಚೀಲವನ್ನೂ ಗಂಗುಬಾಯಿಗೆ ಕೊಟ್ಟು, "ಒದ್ದೆದೆಲ್ಲ ತೆಗೆದು ಇವನ್ನು ಹಾಕಿಸಿ ಮಾವಶಿ," ಎಂದು ಮರಾಠಿಯಲ್ಲಿ ಹೇಳಿ ಹೊರಗೆ ಹೋಗಿ ನಿಂತ.

ತಾಡಪತ್ರಿಯ ಪರದೆಯ ಹಿಂದೆ ಗಂಗುಬಾಯಿ ರೇನ್‌ಕೋಟ್ ಬಿಚ್ಚಿಸಿ, ಸ್ವೆಟರ್ ಬಿಚ್ಚಿಸಿ, ಬನಿಯನ್ ಹಿಂಡಿದರೆ ನೀರು ನೆಲಕ್ಕೆ ಸುರಿಯಿತು.

"ಅಯ್ಯೋ ತಾಯಿ, ಹೊಳೆಗೆ ಬಿದ್ದವಳ ಹಾಗೆ ಇದ್ದೀಯಲ್ಲ," ಎಂದಳು. ಒಣ ಟವೆಲಿನಲ್ಲಿ ಉಜ್ಜಿ ಉಜ್ಜಿ ಒಳ ಅಂಗಿ, ಅದರ ಮೇಲಿನ ಅಂಗಿ ಹಾಕಿಸಿದಳು. ಕೊನೆಗೆ ಜಾಕೆಟ್. ಯಕ್ಷಿತಾ ಹಿಂದೆ ಸರಿದಳು.

"ಬೇಡ ಅಜ್ಜಿ. ಅದು ಸತ್ತವರ ಬಟ್ಟೆ."

"ಯಾರು ಹೇಳಿದರು?" ಗಂಗುಬಾಯಿ ಜಾಕೆಟ್ಟನ್ನು ತಿರುಗಿಸಿ ನೋಡಿದಳು. "ಇದು ನನಗೆ ಗೊತ್ತು. ಆ ಹುಡುಗ ಇಲ್ಲಿ ಬಿದ್ದ ಮರುದಿನ, ಸೋಮವಾರ, ಈ ಮನುಷ್ಯ ಬಂದಿದ್ದ. ಕೈಯಲ್ಲಿ ಪೊಟ್ಟಣ. ಪಾರ್ಸಲ್ಲಿನ ಪಟ್ಟಿ ಕೂಡ ಒಡೆದಿರಲಿಲ್ಲ. ಇಲ್ಲೇ ನನ್ನ ಬೆಂಚಿನ ಮೇಲೆ ಕೂತು ಬಿಚ್ಚಿದ. ಈ ಕೆಂಪು ಬಟ್ಟೆ. ಅದಕ್ಕೆ ಮುಖ ಮುಚ್ಚಿಕೊಂಡು ಅವನು ಅತ್ತ ಅಳು, ನನ್ನ ಗಂಡ ಹೋದಾಗ ನಾನೂ ಅಷ್ಟು ಅತ್ತಿರಲಿಲ್ಲ. ಮೂರು ವರ್ಷದ ಮೇಲೆ ಇವತ್ತೇ ಮತ್ತೆ ಬಂದದ್ದು. ಬಂದು ಆ ತಿರುವಿನಲ್ಲಿ ನಿಂತವನು ಕದಲಲಿಲ್ಲ. ಚಹಾ ಕೂಡ ಬೇಡ ಅಂದ."

ಯಕ್ಷಿತಾ ತೋಳುಗಳನ್ನು ಮುಂದೆ ಚಾಚಿದಳು. ಗಂಗುಬಾಯಿ ಜಾಕೆಟ್ ಹಾಕಿಸಿ, ಝಿಪ್ಪನ್ನು ಗದ್ದದವರೆಗೆ ಎಳೆದಳು.

ಹೊರಗೆ ಬೆಂಚಿನ ಮೇಲೆ ಅವನು ತಲೆ ತಗ್ಗಿಸಿ ಕೂತಿದ್ದ. ಅವಳು ಪಕ್ಕದಲ್ಲಿ ಕೂತಳು. ಬಿಸಿ ಚಹಾದ ಗ್ಲಾಸನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಬೆರಳುಗಳಲ್ಲಿ ನೋವು ಮರಳುತ್ತಿತ್ತು. ಆ ನೋವು ಅವಳಿಗೆ ಹಿತವಾಗಿತ್ತು.

"ಇದನ್ನು ಅವರು ಹಾಕಿಕೊಳ್ಳಲೇ ಇಲ್ವಾ?"

ಅವನು ತಲೆಯಾಡಿಸಿದ. "ಅವರ ಹೆಸರು ಹೊಲಿಸಿ ಲೂಧಿಯಾನಾದಿಂದ ತರಿಸಿದ್ದು. ಶನಿವಾರ ಬರಬೇಕಾಗಿತ್ರಿ. ಬರಲಿಲ್ಲ. ಅವರು ಅಂಗಡಿಗೆ ಬಂದು ಕೇಳಿದ್ರು, ಏನ್ ಮಾಡ್ಲಿ, ಹೋಗ್ಲೋ ಬ್ಯಾಡೋ ಅಂತ. ಬ್ಯಾಡ ಅಂದಿದ್ರ ಆಗ್ತಿತ್ತು. ನಾ ಅಂದೆ, ಇದೊಂದ ಸಲಕ್ಕ ರೇನ್‌ಕೋಟ್ ಸಾಕು ಬಿಡ್ರಿ. ನನಗೂ ಚಳಿ ಏನಂತ ಗೊತ್ತಿರ್ಲಿಲ್ರಿ. ಗೊತ್ತೈತಿ ಅನ್ನೂ ಹಂಗ ಹೇಳಿದ್ದೆ. ಸೋಮವಾರ ಮುಂಜಾನೆ ಪಾರ್ಸಲ್ ಬಂತು."

"ಮೊನ್ನೆ ನಾನು ಅಷ್ಟೆಲ್ಲ ಬೈದಾಗ ಇದನ್ನ ಯಾಕೆ ಹೇಳ್ಲಿಲ್ಲ ನೀವು?"

"ಹೇಳಿದ್ರ ನನ್ನ ತಪ್ಪು ಸಣ್ಣದಾಗಿ ಕಾಣತಿತ್ರಿ. ಅದು ಸಣ್ಣದಲ್ಲ."

ಯಕ್ಷಿತಾಳ ಕಣ್ಣುಗಳು ತುಂಬಿದವು. ತಾನು ಕೌಂಟರಿನ ಮೇಲೆ ಬೋರಲು ಹಾಕಿದ ಬಟ್ಟೆಗಳನ್ನು ಇವನು ಒಂದೊಂದಾಗಿ ಮಡಚಿ ಚೀಲಕ್ಕೆ ತುಂಬಿಕೊಂಡು, ಕಸಾರಾಕ್ಕೆ ಲೋಕಲ್ ಹಿಡಿದು, ಲಾರಿ ಹತ್ತಿ, ಮೂರು ವರ್ಷ ಹೆದರಿದ ಜಾಗಕ್ಕೇ ಬಂದು ನಿಂತಿದ್ದಾನೆ. ತಾನು ಬೀಳದೆ ಹಾಗೇ ಇಳಿದುಹೋಗಿದ್ದರೆ, ಇವನು ಬಂದದ್ದನ್ನೂ ಹೇಳುತ್ತಿರಲಿಲ್ಲ.

"ನನಗೇ ಯಾಕೆ ಕೊಟ್ರಿ ಇದನ್ನ?"

"ಮೂರು ವರ್ಷ ಯಾರಿಗೂ ಕೊಡಾಕ ಆಗಲಿಲ್ರಿ. ಐಸಿನ್ಯಾಗ ಕೈ ಇಟ್ಟು ಬಹಳ ಮಂದಿ ನಕ್ಕು ಹೋದ್ರು. ನೀವು ಸಿಟ್ಟಾದ್ರಿ, ಆದ್ರೂ ಮುಂದಿನ ಶನಿವಾರ ಬಂದ್ರಿ." ಅವನು ಮೊದಲ ಸಲ ಅವಳ ಮುಖ ನೋಡಿ ಮಾತಾಡಿದ. "ಶನಿವಾರ ಬರೂದು ತಡ ಆದಂಗೆಲ್ಲ ನನಗ ಅಂಗಡ್ಯಾಗ ಕೆಲಸ ಆಗತಿರಲಿಲ್ರಿ. ಇವರಿಗೆ ಏನೂ ಆಗಬಾರದು ಅನ್ನಿಸ್ತು. ಅಷ್ಟ."

ಮೊಬೈಲ್ ಬಡಿದುಕೊಂಡಿತು. ಶುಭಾಂಗಿ. ಎಲ್ಲಿದ್ದೀಯಾ, ಟೆಂಪೊ ಮೇಲೆ ಕಳಿಸಲಾ ಎಂದು ಗಾಬರಿಯಲ್ಲಿ ಕೇಳುತ್ತಿದ್ದಳು.

ಯಕ್ಷಿತಾ ರಸ್ತೆಯ ಕಡೆ ನೋಡಿದಳು. ಮಂಜು ಹರಿದಿತ್ತು. ತಿರುವಿನಾಚೆಯ ಕಣಿವೆ ಈಗ ಪೂರ್ತಿ ಕಾಣುತ್ತಿತ್ತು, ಅದರ ಆಳವೂ ಕಾಣುತ್ತಿತ್ತು.

"ಬೇಡ," ಎಂದಳು ಫೋನಿಗೆ. "ನಾನು ನಡೆದು ಇಳೀತೇನೆ. ತಡ ಆಗ್ತದೆ, ಆದ್ರೆ ಇಳೀತೇನೆ."

ಫೋನಿಟ್ಟು ಅವನ ಕಡೆ ತಿರುಗಿದಳು. "ಬರ್ತೀರಾ?"

ದೇವಾನಂದ ತಿರುವನ್ನು ನೋಡಿದ. ಅಲ್ಲಿಂದ ಕೆಳಗೆ ಅವನು ಎಂದೂ ನಡೆದಿರಲಿಲ್ಲ. ಎದ್ದು ಹೋಗಿ, ಮಣ್ಣಿನಿಂದ ಸೈಕಲ್ಲೆತ್ತಿ, ಸೊಟ್ಟಗಾದ ಹ್ಯಾಂಡಲನ್ನು ಮೊಣಕಾಲಿನ ನಡುವೆ ಹಿಡಿದು ನೆಟ್ಟಗೆ ಮಾಡಿ, ಸೈಕಲ್ಲನ್ನು ತಾನೇ ತಳ್ಳಿಕೊಂಡು ಹೊರಟ.

ಮೂರನೇ ತಿರುವಿನ ತಡೆಗೋಡೆಯ ಹತ್ತಿರ ಇಬ್ಬರೂ ನಿಂತರು. ಕೆಳಗಿನಿಂದ ಗಾಳಿ ಬಂತು, ಜಾಕೆಟ್ ಅದನ್ನು ತಡೆಯಿತು.

"ಆ ಹೆಸರು ಬಿಚ್ಚಿಸಿ ಕೊಡ್ತೀನ್ರಿ," ಎಂದ ಅವನು.

"ಬೇಡ. ಅವರೂ ಇವತ್ತು ಕೆಳಗೆ ಹೋಗ್ಲಿ."

ಅವನು ಮುಖ ಆಚೆ ತಿರುಗಿಸಿದ. ಅವಳು ಅವನನ್ನು ಅಳಲು ಬಿಟ್ಟು, ಹ್ಯಾಂಡಲಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟು ಕಾದಳು. ಆಮೇಲೆ ಇಬ್ಬರೂ ತಿರುವು ದಾಟಿದರು. ಬಿಸಿಲು ಬರತೊಡಗಿತ್ತು. ಲಾರಿಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು.

ಸುಮಾರು ದೂರ ನಡೆದ ಮೇಲೆ ಅವಳು ಕೇಳಿದಳು. "ನಾನು ಮಣ್ಣಿನ ಮೇಲೆ ಬಿದ್ದಾಗ ನೀವು ಎಂತ ಅಂದುಕೊಂಡ್ರಿ?"

"ನೀವು ಏಳಲಿಲ್ಲಂದ್ರ ನಾನೂ ಅಲ್ಲೇ ಕುಂದರೂದು ಅನ್ಕೊಂಡೆ."

"ಎಷ್ಟು ಹೊತ್ತು?"

"ಅದನ್ನ ವಿಚಾರ ಮಾಡಿರಲಿಲ್ರಿ."

ಯಕ್ಷಿತಾ ಅವನ ಕೈಯನ್ನು ಹ್ಯಾಂಡಲಿನಿಂದ ಬಿಡಿಸಿ ತನ್ನ ಕೈಯೊಳಗೆ ತೆಗೆದುಕೊಂಡಳು.

"ಎದ್ದಿದ್ದೇನಲ್ಲ ಮಾರಾಯ್ರೆ," ಎಂದಳು. "ಬೇಗ ನಡೀರಿ. ಮೂರು ಗಂಟೆ ಮೇಲೆ ಹೋದ್ರೆ ಅಪ್ಪನ ಹೋಟೆಲಿನಲ್ಲಿ ಊಟ ಇರುವುದಿಲ್ಲ. ನಿಮ್ಮನ್ನು ಯಾರು ಅಂತ ಅವರು ಕೇಳ್ತಾರೆ, ಅದಕ್ಕೆ ಉತ್ತರ ನಾನು ಹೇಳ್ತೇನೆ."